ಹುಣಸೇಮರದ ಪಿಳ್ಳಮ್ಮ ಯಾರೆಂದು ಕೇಳಿದವರಿಗೆ

ಕೈಗಾರಿಕಾ ಪ್ರದೇಶದ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ನಮ್ಮಜ್ಜಿ ಯಾರ ಮಗಳು ಎಂಬುದಕ್ಕೆ ಪುರಾವೆ ಇಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ಹಾಗಾಗಿ ಬೊಮ್ಮಸಂದ್ರದ ಆಚೆ ತಮ್ಮ ಕಾಂಪೌಂಡಿನೊಳಗೆ ಅವಳನ್ನು ಮಣ್ಣು ಮಾಡಿದ ಗುಡ್ಡೆಯನ್ನು 'ವಾರಸುದಾರರಿಲ್ಲದ್ದು' ಎಂದು ಬರೆದು, ದಸರಾ ಕಳೆದ ಮೇಲೆ ಸಮ ಮಾಡಿ ಹೊಸ ಶೆಡ್ಡಿಗೆ ಪಾಯ ತೆಗೆಯುತ್ತೇವೆಂದು ಗೇಟಿಗೆ ನೋಟಿಸು ಅಂಟಿಸಿದ್ದೀರಿ. ಅಲ್ಲಿಯವರೆಗೆ ಒಳಗೆ ಹೋಗಿ ಒಂದು ಎಡೆ ಇಟ್ಟು ಬರಲಿಕ್ಕೂ ನಮ್ಮಮ್ಮನಿಗೆ ಪಾಸಿಲ್ಲ. ಅಮ್ಮನಿಗೆ ಈಗ ಎಪ್ಪತ್ತೈದು. ಗುಡ್ಡೆಯ ಕೆಳಗಿರುವವಳು ಅವಳನ್ನು ಹೆತ್ತವಳು.

ತಾವು ಕೇಳಿದ್ದು ಸಣ್ಣ ಪ್ರಶ್ನೆ: ಪಿಳ್ಳಮ್ಮ ಯಾವ ಮನೆಯ ಹೆಣ್ಣುಮಗಳು? ಉತ್ತರ ತಮ್ಮ ಕಾಂಪೌಂಡಿನಲ್ಲೇ ನಿಂತಿದೆ. ತಮ್ಮ ಸೆಕ್ಯೂರಿಟಿಯವರು ಮಧ್ಯಾಹ್ನ ಯಾವುದರ ನೆರಳಲ್ಲಿ ಊಟ ಮಾಡುತ್ತಾರೋ ಆ ಮರದಿಂದಲೇ ಆ ಮನೆತನಕ್ಕೆ ಹುಣಸೇಮರದವರು ಎಂದು ಹೆಸರು. ಗಂಡ ಸತ್ತ ಮೇಲೆ ಅಜ್ಜಿ ಮಗುವನ್ನು ಕಟ್ಟಿಕೊಂಡು ತವರಿಗೆ ಬಂದಳು. ಅಣ್ಣನ ಹೊಲದಲ್ಲಿ ದುಡಿದಳು, ಅದೇ ಹೊಲದ ಮೂಲೆಯಲ್ಲಿ ಮಣ್ಣಾದಳು. ಅಮ್ಮ ಆಗ ಹನ್ನೊಂದರ ಹುಡುಗಿ. ಮುಂದೆ ಆ ಹೊಲ ಕೈಗಾರಿಕೆಗೆ ಹೋಯಿತು. ತಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರು ಊರ ಅರಳೀಕಟ್ಟೆ ಮೇಲೆ ನಿಂತು ಎಲ್ಲರೆದುರು ಹೇಳಿದರಂತೆ: "ಗುಡ್ಡೆಗಳ ತಂಟೆಗೆ ನಾವು ಬರಲ್ಲ. ಹಬ್ಬದಲ್ಲಿ ಬನ್ನಿ, ಎಡೆ ಇಟ್ಟು ಹೋಗಿ. ನಾವೂ ತಾಯಿ ಹೊಟ್ಟೇಲಿ ಹುಟ್ಟಿದೋರೇ." ಅಮ್ಮ ನಂಬಿದಳು. ವರ್ಷವರ್ಷವೂ ಮಹಾಲಯ ಅಮಾವಾಸ್ಯೆಗೆ ಟಿ. ದಾಸರಹಳ್ಳಿಯಿಂದ ಬಸ್ಸು ಹಿಡಿದು, ಬಸ್ಸು ಬದಲಿಸಿ, ಮಡಿಲಲ್ಲಿ ಬಾಳೆಲೆ ಇಟ್ಟುಕೊಂಡು ಹೋಗುತ್ತಿದ್ದಳು. ಗೇಟು ತೆರೆಯುತ್ತಿತ್ತು. ಈಗ ಮೆಟ್ರೊ ಬಂದು ಊರಿನ ಆ ತುದಿಗೂ ಈ ತುದಿಗೂ ದಾರಿ ಸಲೀಸಾಗಿದೆ. ಗೇಟಿನಿಂದ ಮರದವರೆಗಿನ ದಾರಿ ಮಾತ್ರ ಮುಚ್ಚಿದೆ.

ಪಾಸಿಗೆ ಅಜ್ಜಿಯ ತವರಿನ ಹೆಸರಿನ ದಾಖಲೆ ಬೇಕೆಂದಿರಿ. ನಾನು ಹುಡುಕಿಕೊಂಡು ಹೊರಟೆ. ಊರಿನ ಮಾರಮ್ಮನ ಗುಡಿಯ ಕಲ್ಲಿನಲ್ಲಿ 'ಹುಣಸೇಮರದವರು' ಎಂದಿದೆ. ಅಮ್ಮನ ಶಾಲೆಯ ಮೇಷ್ಟ್ರು ಕಿವಿಗೆ ಬಿದ್ದಂತೆ 'ಉಣಸೆಮರ' ಎಂದು ಬರೆದಿದ್ದಾರೆ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮರು 'ಹುಣಸಮಾರ' ಮಾಡಿದ್ದಾರೆ. ತಮ್ಮದೇ ನೋಟಿಸಿನಲ್ಲಿ ಪುಟದ ಮೇಲ್ಗಡೆ ಒಂದು ರೂಪ, ಕೆಳಗಡೆ ಇನ್ನೊಂದು. ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು, ಕವಿತೆ ಓದಿಕೊಂಡು ಬದುಕುವವಳು. ಒಂದು ಹೆಸರನ್ನು ನಾಲ್ಕು ಬಾಯಿ ನಾಲ್ಕು ಬಗೆಯಲ್ಲಿ ಕರೆದಿದ್ದರೆ ಆ ಹೆಸರು ಬದುಕಿತ್ತು ಎಂದು ನನಗೆ ಅನ್ನಿಸುತ್ತದೆ. ತಮ್ಮ ಕಚೇರಿಗೆ ಅದು ನಾಲ್ಕು ಕುಟುಂಬ.

"ಸಿಸ್ಟಮ್ಮಲ್ಲಿ ಇವೆಲ್ಲಾ ಬೇರೆ ಬೇರೆ ತೋರಿಸ್ತಿದೆ ಮೇಡಂ. ಎಲ್ಲಾ ಒಂದೇ ಅಂತ ಅಫಿಡವಿಟ್ ಕೊಡಿಸಿ," ಎಂದರು ತಮ್ಮ ಗುಮಾಸ್ತರು.

"ಯಾರು ಕೊಡಬೇಕು?"

"ಯಾರ ಹೆಸರೋ ಅವರೇ."

"ಅವರು ಹೋಗಿ ಅರವತ್ತು ವರ್ಷದ ಮೇಲಾಯ್ತಲ್ಲ."

ಅವರು ನಿಜವಾಗಿಯೂ ಯೋಚಿಸಿದರು. "ಹಂಗಾದ್ರೆ ಸ್ವಲ್ಪ ಕಷ್ಟ ಮೇಡಂ," ಎಂದರು.

ನಗು ಬಂತು, ನಕ್ಕೆ. ಅಷ್ಟು ಹೊತ್ತಿಗೂ ಇದು ಬರೀ ಕಾಗುಣಿತದ ತೊಡಕು, ಓದಿದವಳಾದ ನಾನು ಬಿಡಿಸಬಲ್ಲೆ ಎಂದೇ ನಂಬಿದ್ದೆ. ಹಾಗಲ್ಲವೆಂದು ಗೊತ್ತಾದದ್ದು ತಾವು ನಡೆಸಿದ ವಿಚಾರಣೆಯಲ್ಲಿ.

ಅಲ್ಲಿಗೆ ತಾವು ಕರೆಸಿದ್ದು ಅಜ್ಜಿಯ ಅಣ್ಣನ ಮಗ ವೆಂಕಟರಮಣಪ್ಪನವರನ್ನು. ನನಗೆ ದೊಡ್ಡಪ್ಪ, ಅಮ್ಮನಿಗೆ ಬಾವ. ಅಮ್ಮನೂ ಅವರೂ ಒಂದೇ ಮನೆಯಲ್ಲಿ ಒಂದೇ ಗಂಗಳದಲ್ಲಿ ಉಂಡು ಬೆಳೆದವರು. ಆ ಹೊಲದಲ್ಲಿದ್ದ ಮೂರು ಗಂಡಸರ ಗುಡ್ಡೆಗಳನ್ನು 'ನಮ್ಮ ಹಿರಿಯರವು' ಎಂದು ಹೇಳಿ, ಅವುಗಳಿಂದ ಹಿಡಿ ಹಿಡಿ ಮಣ್ಣು ತೆಗೆದುಕೊಂಡು ಹೋಗಿ ಬೇರೆ ಕಡೆ ಪ್ರತಿಷ್ಠೆ ಮಾಡಿದ್ದಾರೆ. ನಾಲ್ಕನೆಯದರ ಬಗ್ಗೆ ತಾವು ಕೇಳಿದಿರಿ. ಅವರು ತಲೆಯ ಮೇಲಿನ ಫ್ಯಾನು ನೋಡುತ್ತಾ, "ಗೊತ್ತಿಲ್ಲ ಸಾರ್. ಆ ಕಾಲ್ದಲ್ಲಿ ಕೂಲಿಗ್ ಬಂದೋರ್ನೂ ಅಲ್ಲೇ ಮಣ್ಣು ಮಾಡೋರು," ಎಂದರು.

ಅಮ್ಮ ಅಳಲಿಲ್ಲ. "ಬಾವ, ನಮ್ಮವ್ವನ ಮುಂದೆ ಬೆಂಕಿ ಇಡ್ಕೊಂಡು ಓಗಿದ್ದು ನೀನಲ್ವಾ?" ಎಂದಳು, ಅಷ್ಟೆ. ಅಜ್ಜಿಗೆ ಗಂಡುಮಕ್ಕಳಿರಲಿಲ್ಲ, ಹೆಣದ ಮುಂದೆ ಬೆಂಕಿ ಮಡಕೆ ಹಿಡಿದು ನಡೆದವರು ಅಣ್ಣನ ಮಗನೇ. ತಾವು ಕೈಯೆತ್ತಿ, "ಅಮ್ಮಾ, ವಿಷಯಕ್ಕೆ ಸಂಬಂಧಿಸಿದ್ದು ಮಾತ್ರ ಮಾತಾಡಿ," ಎಂದಿರಿ. ಮಾನ್ಯರೇ, ಇನ್ನಾವುದು ಸಂಬಂಧಿಸಿದ್ದಾಗಿತ್ತು?

ಕಳೆದ ಮಹಾಲಯ ಅಮಾವಾಸ್ಯೆಗೆ ಅಮ್ಮ ಕಾಂಪೌಂಡಿನ ಹೊರಗೆ, ರಸ್ತೆಯ ಪಕ್ಕದಲ್ಲಿ ಎಲೆ ಹಾಸಿದಳು. ಸೆಕ್ಯೂರಿಟಿಯವನು ಓಡಿ ಬಂದು, "ಅಜ್ಜಿ, ಇಲ್ಲಿಡ್ಬೇಡಿ, ಕ್ಯಾಮೆರಾದಲ್ಲಿ ಬೀಳುತ್ತೆ, ನಂಗೆ ಬೈತಾರೆ," ಎಂದು ಗೋಗರೆದ. ಅಷ್ಟರಲ್ಲಿ ಒಳಗಿನ ಹುಣಸೇಮರದಿಂದ ಒಂದು ಕಾಗೆ ಗೋಡೆ ದಾಟಿ ಬಂದು ಎಲೆಗೆ ಬಾಯಿ ಹಾಕಿತು. "ಬಂದ್ಲು ಬಿಡು," ಎಂದಳು ಅಮ್ಮ. ಕಾಗೆ ತಿಂದು ಪಾಸಿಲ್ಲದೆ ಒಳಗೆ ಹೋಯಿತು.

ಅಮ್ಮನನ್ನು ಆಟೋ ಹತ್ತಿಸಿ ಮೆಟ್ರೊಗೆ ಕಳಿಸಿ, ಸಿಟ್ಟು ತಡೆಯದೆ ನಾನೊಬ್ಬಳೇ ಚಂದಾಪುರಕ್ಕೆ, ದೊಡ್ಡಪ್ಪನ ಫ್ಲ್ಯಾಟಿಗೆ ಹೋದೆ. ಅವರ ಮನೆಯಲ್ಲೂ ಅಂದೇ ಹಿರಿಯರ ಹಬ್ಬ. ಬಾಗಿಲು ತೆರೆದಿತ್ತು. ಕಳಸದ ಮುಂದೆ ಸಾಲಾಗಿ ಎಲೆಗಳು, ಒಂದೊಂದರ ಪಕ್ಕ ಒಂದೊಂದು ಹೊಸ ಪಂಚೆ. ಅವಕ್ಕೆ ಸೇರದ ಹಾಗೆ, ಹೊಸಿಲ ಹತ್ತಿರ, ಬೇರೆಯಾಗಿ ಒಂದು ಎಲೆ. ಅದರ ಪಕ್ಕ ಹಸಿರು ಸೀರೆ, ಒಣಮೀನಿನ ಸಾರು, ಎಲೆಯಡಿಕೆ, ಒಂದು ಚಿಟಿಕೆ ಕಡ್ಡಿಪುಡಿ. ಒಣಮೀನು, ಕಡ್ಡಿಪುಡಿ ಎಂದರೆ ಅಜ್ಜಿ ಪ್ರಾಣ ಬಿಡುತ್ತಿದ್ದಳೆಂದು ಅಮ್ಮ ಹೇಳುತ್ತಿರುತ್ತಾಳೆ. ದೊಡ್ಡಪ್ಪ ಧೂಪ ಹಾಕಿ, ನನ್ನ ಕಡೆ ಬೆನ್ನು ಮಾಡಿಕೊಂಡು ನಿಂತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಕಡೆಯಲ್ಲಿ ಆ ಎಲೆಯ ಕಡೆಗೆ ತಿರುಗಿ ಕೈಮುಗಿದರು:

"ಉಣ್ಸೇಮರದ ಪಿಳ್ಳಮ್ಮತ್ತೇ, ತಪ್ಪು ಒಪ್ಪು ಒಟ್ಟೇಗಾಕ್ಕೊಂಡು ಬಂದು ಉಂಡೋಗವ್ವಾ."

ಎಡೆ ಇಟ್ಟ ಮೇಲೆ ಹಿರಿಯರು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಬಂದವರು ಕಾರಿಡಾರಿನಲ್ಲಿ ನನ್ನೆದುರು ನಿಂತರು. ಒಳಗೆ ಅಜ್ಜಿ ಉಣ್ಣುತ್ತಿದ್ದಳು.

"ಆಫೀಸಲ್ಲಿ ಗೊತ್ತಿಲ್ಲ ಅಂದ್ರಲ್ಲ ದೊಡ್ಡಪ್ಪ?"

ಅವರು ಮುಖ ತಪ್ಪಿಸಲಿಲ್ಲ. "ಆಪೀಸು ಬ್ಯಾರೆ, ಮನೆ ಬ್ಯಾರೆ ಕಣಮ್ಮಿ. ಅಲ್ಲಿ ಊ ಅಂದ್ರೆ ನಾಳೆ ನಿಮ್ಮಮ್ಮ ಒಲದ್ ಪರಿಹಾರದಲ್ಲಿ ಪಾಲಿಗೆ ಬತ್ತಾಳೆ. ಇಲ್ಲಿ ಕರೀದಿದ್ರೆ ಅತ್ತೆ ಸುಮ್ಕೆ ಬಿಟ್ಟಾಳಾ?"

"ಪಾಲು ಬೇಡ ಅಂತ ಬರಕೊಡ್ತೀವಿ."

"ಇವತ್ತು ಬ್ಯಾಡ ಅಂತೀಯ. ನಿನ್ ಮಕ್ಳು?" ಎಂದು, ಬಾಗಿಲು ಮೂರು ಸಲ ತಟ್ಟಿ ತೆಗೆದು, "ಬಾ, ಉಂಡೋಗು," ಎಂದರು. ನಾನು ಉಣ್ಣಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರಿಗೆ ಅತ್ತೆಯ ಭಯವಾದರೂ ಇದೆ. ತಮಗೆ ಯಾರ ಭಯ? ಇದನ್ನೆಲ್ಲ ತಮಗೆ ಬರೆದು ತಿಳಿಸಿದೆ. 'ಎಡೆಯಲ್ಲಿ ಕರೆದ ಹೆಸರು ಸಂಬಂಧದ ದಾಖಲೆಯಲ್ಲ' ಎಂದು ಒಂದೇ ಸಾಲಿನ ಉತ್ತರ ಬಂತು. ಹಾಗಿದ್ದರೆ 'ಗೊತ್ತಿಲ್ಲ ಸಾರ್' ಎಂಬುದು ಹೇಗೆ ದಾಖಲೆಯಾಯಿತು? ಅದೂ ಅದೇ ಬಾಯಿಯ ಮಾತಲ್ಲವೇ? ಒಂದೇ ನಾಲಗೆಯಲ್ಲಿ ಅವಳನ್ನು ಅಳಿಸಿದ ಮಾತನ್ನು ಮುದ್ರೆ ಒತ್ತಿ ಇಟ್ಟುಕೊಂಡಿರಿ, ಅವಳನ್ನು ಕರೆದ ಮಾತನ್ನು ಕೈಬಿಟ್ಟಿರಿ. ಮಗಳು ತವರಿಗೆ ಬಂದು ಸತ್ತರೆ ಅವಳು ಗಂಡನ ಮನೆಯವಳೂ ಅಲ್ಲ, ಇಲ್ಲಿಯವಳೂ ಅಲ್ಲ ಎಂದು ಊರವರು ಪಿಸುಗುಟ್ಟುತ್ತಿದ್ದರು. ತಾವು ಅದನ್ನು ಟೈಪು ಮಾಡಿಸಿದ್ದೀರಿ.

ನಮಗೆ ಜಮೀನು ಬೇಡ, ಪರಿಹಾರವೂ ಬೇಡ. ಬರುವ ಮಹಾಲಯ ಅಮಾವಾಸ್ಯೆಗೆ ಅಮ್ಮನಿಗೆ ಗೇಟು ತೆಗೆಸಿ. 'ವಾರಸುದಾರರಿಲ್ಲದ್ದು' ಎಂಬ ಪದ ಹೊಡೆದುಹಾಕಿ. ಆ ಮೂರು ಗಂಡಸರ ಗುಡ್ಡೆಗಳಿಗೆ ಸಿಕ್ಕ ಹಿಡಿಮಣ್ಣಿನ ಮರ್ಯಾದೆ ಅಮ್ಮನ ಕೈಯಿಂದ ಅಜ್ಜಿಗೂ ಸಲ್ಲುವವರೆಗೆ ಅಲ್ಲಿಗೆ ಯಂತ್ರ ಕಳಿಸಬೇಡಿ. ಪುರಾವೆಯೇ ಬೇಕೆಂದಾದರೆ, ಹೊಲ ತೆಗೆದುಕೊಳ್ಳುವಾಗ ಬಂದು ಮಹಜರು ಮಾಡಿದ ಹಾಗೆ ಅಂದು ಚಂದಾಪುರಕ್ಕೂ ಬನ್ನಿ. ದೊಡ್ಡಪ್ಪ ಬಾಗಿಲು ಎಳೆದುಕೊಳ್ಳುವ ಮೊದಲೇ ಬಂದು ಹೊಸಿಲಲ್ಲಿ ನಿಂತುಕೊಳ್ಳಿ. ಅವರು ಕೂಗುವ ಹೆಸರನ್ನು ಬರೆದುಕೊಳ್ಳಿ. ತಮಗೆ ಯಾವ ಕಾಗುಣಿತ ಒಪ್ಪಿಗೆಯೋ ಆ ಕಾಗುಣಿತದಲ್ಲೇ ಬರೆದುಕೊಳ್ಳಿ.

ಇಂತಿ,
ತವರಿನ ಹೊರಗೋಡೆಗೆ ಎಡೆಯಿಟ್ಟವಳ ಮಗಳು,
ಹುಣಸೇಮರದ ಪಿಳ್ಳಮ್ಮನ ಮೊಮ್ಮಗಳು,
ಎನ್. ಕುಸುಮಾ
ಟಿ. ದಾಸರಹಳ್ಳಿ