ಮೂವತ್ತು ಸೆಕೆಂಡು

೧೧ ಮಾರ್ಚ್ ೧೯೪೨, ಬುಧವಾರ. ನಾರ್ವೆಯ ಉತ್ತರದ ಸಮುದ್ರ.

ನಮ್ಮ ಯುದ್ಧನೌಕೆಯ ಬಾಯ್ಲರ್ ಕೆಲಸಗಾರ ಟ್ರೆಲೋರನ ಮಾತು ಬೆಳಗಿನಿಂದ ತಲೆ ಬಿಟ್ಟು ಹೋಗುತ್ತಿಲ್ಲ. ನೌಕಾಪಡೆಯಲ್ಲಿ ನಮ್ಮಂಥ ಪಾದ್ರಿಗಳಿಗೆ ದರ್ಜೆಯಿಲ್ಲ. ಯಾರೊಡನೆ ಮಾತಾಡುತ್ತೇವೋ ಅವರದೇ ದರ್ಜೆ. ಹಡಗಿನ ತಳದ ಬಾಯ್ಲರ್ ಕೋಣೆಯಲ್ಲಿ ಇದನ್ನೇ ಜಂಭದಿಂದ ಹೇಳಿಕೊಂಡೆ. ಟ್ರೆಲೋರ್ ಎಣ್ಣೆಗೈ ಒರೆಸಿಕೊಳ್ಳುತ್ತಾ, "ಹಂಗಾದ್ರೆ ನೀವೂ ಬಾಯ್ಲರ್‌ನೋರೇ ಅನ್ನಿ. ಮತ್ತೆ ದಾಳಿ ಗಂಟೆ ಹೊಡೆದಾಗ ಮೇಲ್ಯಾಕೆ ಇರ್ತೀರಿ ಪಾದ್ರಿಗಳೇ?" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗಂಟೆ ಹೊಡೆದ ಮೂವತ್ತು ಸೆಕೆಂಡಿಗೆ ಅವರ ತಲೆಯ ಮೇಲೆ, ಕೆಳಗಿಳಿಯುವ ಬಾಯಿಗೆ, ಕಬ್ಬಿಣದ ಮುಚ್ಚಳ ಬೀಳುತ್ತದೆ. ಆಮೇಲೆ ನೀರು ನುಗ್ಗಿದರೂ ತೆಗೆಯುವಂತಿಲ್ಲ.

ದಾಳಿಯ ಹೊತ್ತಿಗೆ ಕೆಳಗಿಳಿದು ಅವರ ಜೊತೆಗಿರಲು ಮಧ್ಯಾಹ್ನ ಕ್ಯಾಪ್ಟನ್ನರ ಅನುಮತಿ ಕೇಳಿದೆ. "ಇಳೀರಿ. ಆದ್ರೆ ನಿಮಗೋಸ್ಕರ ಮುಚ್ಚಳ ಕಾಯಲ್ಲ, ನೆನಪಿರ್ಲಿ" ಎಂದರು.

ಸಂಜೆ ಗಡಿಯಾರ ಹಿಡಿದು, ಹಾಸಿಗೆಯಿಂದೆದ್ದು ಆ ಮುಚ್ಚಳದವರೆಗೆ ಓಡಿ ನೋಡಿದೆ. ಮೂವತ್ತನಾಲ್ಕು ಸೆಕೆಂಡು. ಒಂದು ಕಾಲದಲ್ಲಿ ಇಂಗ್ಲೆಂಡಿನ ಪರವಾಗಿ ಕಾಲು ಮೈಲಿ ಪಂದ್ಯ ಓಡಿದ ಕಾಲುಗಳಂತೆ ಇವು! ಆಗೆಲ್ಲ ಒಂದು ಸೆಕೆಂಡು ಇಳಿಸಲು ವರ್ಷ ಹಿಡಿಯುತ್ತಿತ್ತು. ಈಗ ಅಷ್ಟು ಪುರುಸೊತ್ತಿಲ್ಲ. ಮತ್ತೆ ಓಡಿದೆ, ಮತ್ತೆ ಓಡಿದೆ. ಮೂವತ್ತೆರಡು. ಏಣಿಯಲ್ಲಿ ಮೊಣಕಾಲು ತರಚಿತು.

ಉಳಿದೆರಡು ಸೆಕೆಂಡು ಎಲ್ಲಿ ಹೋಗುತ್ತಿದೆಯೆಂದು ಈಗ ಹೊಳೆಯಿತು: ಬೂಟಿಗೆ ಕಾಲು ತೂರಿಸುವುದರಲ್ಲಿ.

ಇನ್ನು ಮೇಲೆ ಬೂಟು ಹಾಕಿಕೊಂಡೇ ಮಲಗುತ್ತೇನೆ.