ಅಕ್ಕನ ಬೀಸುವ ಪದ

ಪೂಜ್ಯ ಅಕ್ಕ ಚನ್ನವ್ವನಿಗೆ,

ನೀನೀಗ ಇಲ್ಲವೆಂಬುದನ್ನು ಬಲ್ಲೆ. ಆದರೂ ಇಂದಿನ ವಿಷಯವನ್ನು ಮೊದಲು ನಿನಗೇ ತಿಳಿಸಬೇಕು. ನೀನು ಜೋಳ ಬೀಸುತ್ತ ಹಾಡಿದ ಪದಗಳ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹೋದಾಗಲೆಲ್ಲ ಅದರ ಅಗ್ಗದ ಸೌಂಡ್ ಕಾರ್ಡ್ ‘ಗುಂಯ್’ ಎಂದು ನಿನ್ನ ದನಿಯನ್ನು ನುಂಗುತ್ತಿತ್ತು. ಈ ವಯಸ್ಸಿನಲ್ಲಿ ಬೆಸುಗೆ ಹಾಕುವುದನ್ನು ಕಲಿತು, ಕಾರ್ಡಿನ ಕಳಪೆ ಕೆಪಾಸಿಟರುಗಳನ್ನು ಕಿತ್ತು, ಉತ್ತಮವಾದವುಗಳನ್ನು ನಾನೇ ಕೂಡಿಸಿದೆ. ಒಂದು ಬೆಸುಗೆಯೂ ಸೊಟ್ಟಗಿಲ್ಲ.

ಕೇಳಲೆಂದು ನಿನ್ನ ಮಗಳು ಭಾಗ್ಯಾ ಜಕ್ಕಲಿಯಿಂದ ರೋಣಕ್ಕೆ ಬಂದಿದ್ದಳು. ಗುಂಯ್‌ಗುಡುವುದು ಅಡಗಿತ್ತು, ಆದರೆ ಹಾಡಿನ ಕೆಳಗೆ ಒಂದು ಗರಗರ ಸದ್ದು ಉಳಿದಿತ್ತು. ಅದನ್ನೂ ಅಳಿಸಲು ಹೊರಟೆ.

“ಮಾಮಾ, ಕೈ ತಗೀರಿ! ಅದು ನಮ್ಮವ್ವನ ಬೀಸುಕಲ್ಲ ಐತ್ರಿ. ಮಾಸ್ತರ್ರು ಅಂತ ಅದಕ್ಕೂ ಕೆಂಪು ಗೀಟು ಹೊಡಿತೀರೇನು?”

ನಕ್ಕು ಉಳಿಸಿದೆ. ಪದ ಮುಗಿದು ಕಲ್ಲು ನಿಂತ ಮೇಲೆ, ಈವರೆಗೆ ಆ ಗುಂಯ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ನಿನ್ನ ಮಾತು ಸ್ಪಷ್ಟವಾಗಿ ಕೇಳಿಸಿತು: “ತಮ್ಮಾ, ಚಲೋ ಬಂತೇನೋ?”

ಅಂದು ನಿನ್ನ ಪದ ರೆಕಾರ್ಡ್ ಮಾಡಿಕೊಳ್ಳುವಾಗ, ಉತ್ತರಿಸುವ ಮೊದಲೇ ನಾನು ಟೇಪು ನಿಲ್ಲಿಸಿದ್ದೆ.

ಭಾಳ ಚಲೋ ಬಂದೈತಿ, ಅಕ್ಕಾ.

ನಿನ್ನ ತಮ್ಮ,
ಶಿವನಪ್ಪ