ಬಿಲ್ಲೆ ಬದಲಾಯಿಸಿಕೊಂಡವರು

ಟೈರ್ ಅಂಗಡಿಯ ಮಹಡಿ ಮನೆ,
ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರಗಳು. ಮೊಣಕಾಲು ಹೇಗಿದೆ? ವೈದ್ಯರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ವಾಸನೆಗೆ ಅಳಿಯಂದಿರು ಮೂಗು ಮುಚ್ಚಿಕೊಂಡಾರೆಂದು ಬಾಟಲಿಯನ್ನು ಟ್ರಂಕಿನ ತಳಕ್ಕೆ ಸೇರಿಸಿಬಿಟ್ಟಿದ್ದೀಯೋ? ನಿನ್ನ ಮಗಳು ಫೋನಿನಲ್ಲಿ ‘ಅಮ್ಮ ಆರಾಮಾಗಿದ್ದಾಳೆ ಮಾವ’ ಎನ್ನುತ್ತಾಳೆ. ನಡುಮನೆಯ ಸೋಫಾದ ಮೇಲೆ, ಟಿ.ವಿ. ಆರಿಸುವ ತನಕ ಕೂತೇ ಇದ್ದು ಆಮೇಲೆ ಮಲಗುವವಳ ಆರಾಮು ಎಂಥದ್ದೆಂದು ನಾನು ಬಂದಾಗ ನೋಡಿದ್ದೇನೆ, ಬಿಡು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪತ್ರದ ಆರಂಭಕ್ಕೆ ‘ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್ ದ ಪಿಂಕ್ ಆಫ್ ಹೆಲ್ತ್’ ಎಂದು ಕಲಿಸಿದ್ದರು. ಆರೋಗ್ಯಕ್ಕೆ ಗುಲಾಬಿ ಬಣ್ಣ ಯಾಕೆ ಎಂದು ಕೇಳಿ ಬೆಂಚಿನ ಮೇಲೆ ನಿಂತಿದ್ದೆ. ನೀನು ಬೆಳಗಿನಿಂದ ಸಂಜೆಯ ತನಕ ನಿಂತು ದುಡಿದು ನನ್ನನ್ನು ಓದಿಸಿದ್ದಕ್ಕೆ ಕೊನೆಗೆ ಉಳಿದದ್ದು ಇಷ್ಟೇ ಇಂಗ್ಲಿಷ್. ಅದೂ ಬೇಕಾದ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ನನ್ನ ಆರೋಗ್ಯ ಅಷ್ಟಕ್ಕಷ್ಟೆ. ಧೂಳಿಗೆ ಕೆಮ್ಮು ಹಿಡಿದಿದೆ. ಕಿಟಕಿ ತೆರೆದರೆ ಒಡೆಯುತ್ತಿರುವ ಕಾರ್ಖಾನೆಯ ಧೂಳು, ಮುಚ್ಚಿದರೆ ಕೆಳಗಿನ ಅಂಗಡಿಯ ಸುಟ್ಟ ರಬ್ಬರಿನ ವಾಸನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ನನ್ನವಳಾದರೂ ಇದ್ದಿದ್ದರೆ ಜಗಳವಾಡುತ್ತಿದ್ದೆವು. ಈಗ ನಾನೇ ತೆರೆದು ನಾನೇ ಮುಚ್ಚುತ್ತೇನೆ. ಅವಳು ಹೋದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಅಡ್ಡ ಬರುವವರೇ ಇಲ್ಲ. ಅದಕ್ಕೇ ಮಾತು ಉದ್ದವಾಗಿದೆ ಎಂದು ಟೈರ್ ಅಂಗಡಿಯವನು ಹೇಳುತ್ತಾನೆ. ಹೇಳಲಿ.

ಫೋನ್ ಬಿಟ್ಟು ಪತ್ರ ಯಾಕೆಂದರೆ, ನಿನ್ನ ಆ ಹಳೆಯ ಗೆಳತಿ ಗಡಿಬಿಡಿಯ ಹೆಸರೆತ್ತಿದ ಕೂಡಲೇ ನೀನು ಫೋನ್ ಇಡುತ್ತೀಯ. ಪತ್ರವನ್ನು ಹಾಗೆ ಕತ್ತರಿಸಲಿಕ್ಕಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಪೂರ್ತಿ ಓದದೆ ಹರಿಯುವ ಪೈಕಿ ಅಲ್ಲ ನೀನು. ಆದ್ದರಿಂದ ಸಿಟ್ಟು ಬಂದರೂ ಕೂತುಕೊಂಡೇ ಓದು.

ಮೊದಲು ನಮ್ಮ ಬಾಟಲಿ ಕಾರ್ಖಾನೆಯ ಸುದ್ದಿ. ನೋಡಿದರೆ ನಿನಗೆ ಗುರುತೇ ಹತ್ತುವುದಿಲ್ಲ. ಕುಲುಮೆಯ ಶೆಡ್ಡಿನ ಮುಂದಿನ ಗೋಡೆಯೊಂದನ್ನು ಉಳಿಸಿಕೊಂಡು ಹಿಂದಿನದನ್ನೆಲ್ಲ ಒಡೆದಿದ್ದಾರೆ. ಮುಖವಾಡಕ್ಕೆ ಕೋಲು ಕೊಟ್ಟು ನಿಲ್ಲಿಸಿದ ಹಾಗೆ ಕಬ್ಬಿಣದ ಆಸರೆಯ ಮೇಲೆ ನಿಂತಿದೆ. ಮರಳು ಸುರಿಯುತ್ತಿದ್ದ ಜಾಗದಲ್ಲಿ ಈಜುಕೊಳವಂತೆ. ಗೇಟಿನ ಮೇಲೆ ‘ಗ್ಲಾಸ್‌ವರ್ಕ್ಸ್ ಡಿಸ್ಟ್ರಿಕ್ಟ್: ಲಿವ್, ವರ್ಕ್, ಗ್ಲೋ’ ಎಂದು ಬೋರ್ಡು ಹಾಕಿದ್ದಾರೆ. ಅಲ್ಲಿ ಗ್ಲೋ ಆದವರು ಯಾರೆಂದು ಭಾವನವರ ಮುಂಗೈಯ ಸುಟ್ಟ ಕಲೆ ನೋಡಿದ ನಿನಗೆ ನಾನು ಹೇಳಬೇಕಾಗಿಲ್ಲ. ಈಚೆ ಬದಿಯ ನಮ್ಮ ಬೀದಿಯನ್ನೂ ಅವರ ಕಾರುಗಳಿಗಾಗಿ ಅಗಲ ಮಾಡುತ್ತಾರೆಂದು ಗೋಡೆ ಗೋಡೆಗೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ನಾನು ಕೂತು ರವಾನೆಯ ಬಿಲ್ಲು ಟೈಪು ಮಾಡುತ್ತಿದ್ದ ಕೋಣೆ ಈಗ ಮಾದರಿ ಮನೆ. ನನ್ನ ಮೇಜಿದ್ದ ಕಡೆ ಒಂದು ಸ್ನಾನದ ತೊಟ್ಟಿ. ಅದರಲ್ಲಿ ನೀರಿಲ್ಲ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿದೆ. ಎಷ್ಟೋ ವರ್ಷ ಬೆನ್ನು ಬಾಗಿಸಿ ಕೂತ ಜಾಗವಲ್ಲವೇ ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ, ಕಾವಲುಗಾರ ಬಂದು, ‘ತಾತ, ಬುಕಿಂಗಾ, ಸುಮ್ನೆನಾ?’ ಎಂದ. ಸುಮ್ನೆ ಎಂದೆ.

ಕೋರ್ಟು ಹೇಳಿದ ಪ್ರಕಾರ, ಕಾರ್ಖಾನೆ ಮುಚ್ಚಿದ ದಿನ ಕೆಲಸದಲ್ಲಿದ್ದ ಪ್ರತಿ ಕಾರ್ಮಿಕರಿಗೂ ಅದೇ ಜಾಗದಲ್ಲಿ ಒಂದೊಂದು ಸಣ್ಣ ಮನೆ ಕೊಡಬೇಕು. ಕೊಡುತ್ತಿದ್ದಾರೆ, ಇಲ್ಲವೆನ್ನಲಾಗದು. ಹಿಂದುಗಡೆ, ಚರಂಡಿಯ ಪಕ್ಕ, ಬೇರೆಯದೇ ಗೇಟು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿಯಲ್ಲಿ ದೊಡ್ಡ ಗೋಪುರಗಳಿಗೆಲ್ಲ ದೀಪ, ಗಿಡ, ಬೆರಳುದ್ದದ ಮನುಷ್ಯರು. ಕಾರ್ಮಿಕರ ಕಟ್ಟಡ ಮಾತ್ರ ಬಣ್ಣವಿಲ್ಲದ ಥರ್ಮಕೋಲ್ ತುಂಡು. ಇರಲಿ. ಕಟ್ಟಿ ಮುಗಿದ ಒಂದು ಮನೆಯ ಒಳಗೆ ಹೋಗಿ ನೋಡಿ ಬಂದಿದ್ದೇನೆ. ಒಂದು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸಲು ಕೈ ಚಾಚುವಷ್ಟು ಬಾಲ್ಕನಿ. ಬಾಗಿಲಿಗೆ ಒಳಗಿನಿಂದ ಚಿಲಕ. ಅಕ್ಕಾ, ಆ ಚಿಲಕವನ್ನು ಹಾಕಿ ತೆಗೆದು ನೋಡಿದೆ. ನಿನಗೆ ಬೇಕೆನಿಸಿದಾಗ ಹಾಕಿಕೊಂಡು ಕಾಲು ಚಾಚಿ ಮಲಗಬಹುದು. ನಾನೋ, ಟೈಪಿಸ್ಟು, ಸ್ಟಾಫು, ಕಾರ್ಮಿಕನಲ್ಲ. ನನಗೇನೂ ಬರುವುದಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ್ದರ ಫಲ.

ನಿನ್ನ ಅರ್ಜಿಯ ವಿಷಯಕ್ಕೆ ಬರುತ್ತೇನೆ. ನೀನು ಕೊರಿಯರ್ ಮಾಡಿದ, ಕೆಲಸದ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋದೆ. ಮೇಜಿನ ಹಿಂದೆ ನಿನ್ನ ಮೊಮ್ಮಗಳ ವಯಸ್ಸಿನ ಆಫೀಸರ್ ಹುಡುಗಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ, ‘ಮ್ಯಾಡಂ, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್’ ಎಂದು. ದಟ್ ಆದ ಮೇಲೆ ಏನೆಂಬುದು ಹಾರಿಹೋಯಿತು. ಅವಳು ನಕ್ಕು, ‘ಕನ್ನಡದಲ್ಲೇ ಹೇಳಿ ಅಂಕಲ್’ ಎಂದಳು. ಹೇಳಿದೆ. ಬಿಲ್ಲೆಯ ನಂಬರು ಒತ್ತಿದಳು. ನಿನ್ನ ಹೆಸರಿಗೆ ಬದಲು ಗಡಿಬಿಡಿಯ ಹೆಸರು ಬಂತು. ಇನ್ನೊಮ್ಮೆ ಒತ್ತಿದಳು. ಅದೇ ಬಂತು. ‘ಇದು ಬೇರೆಯವರ ಬಿಲ್ಲೆ ಅಂಕಲ್. ಸಿಸ್ಟಮ್ ತಗೊಳ್ಳಲ್ಲ.’

ಬಾಟಲಿ ಪರೀಕ್ಷೆ ಮಾಡುವ ನಿಮ್ಮ ಸಾಲಿನ ಪದ್ಧತಿಯನ್ನು ಆ ಮಗುವಿಗೆ ನಾನು ಹೇಗೆ ವಿವರಿಸಲಿ? ವಿವರಿಸಿದೆ. ಒಬ್ಬೊಬ್ಬ ಹೆಂಗಸೂ ಬಾಟಲಿಯನ್ನು ದೀಪಕ್ಕೆ ಹಿಡಿದು ಗುಳ್ಳೆ, ಬಿರುಕು ನೋಡುವುದು. ಒಳ್ಳೆಯದನ್ನು ಪೆಟ್ಟಿಗೆಗೆ ತುಂಬಿ ಮೇಲೆ ತನ್ನ ಬಿಲ್ಲೆ ನಂಬರು ಬರೆಯುವುದು. ಪೆಟ್ಟಿಗೆಯಲ್ಲಿ ಬಿರುಕಿನ ಬಾಟಲಿ ಸಿಕ್ಕಿದರೆ ಸಂಜೆ ಗೇಟಿನಲ್ಲಿ ಆ ನಂಬರನ್ನು ಕೂಗುವುದು. ಪದೇ ಪದೇ ಕೂಗಿಸಿಕೊಂಡವಳನ್ನು ಹಿಂದಿನ ಅಂಗಳಕ್ಕೆ, ಒಡೆದ ಗಾಜು ಆರಿಸಲು ಹಾಕುವುದು. ಗಡಿಬಿಡಿ ಹೆಸರಿಗೆ ತಕ್ಕ ಹಾಗೆ ಗಡಿಬಿಡಿ. ಅವಳ ನಂಬರು ಕೂಗದ ಸಂಜೆಯಿರಲಿಲ್ಲ. ಅವಳು ಬಸುರಿಯಾಗಿದ್ದಾಗ ಇನ್ನೇನು ಗಾಜಿನ ಅಂಗಳಕ್ಕೆ ಹಾಕುತ್ತಾರೆ ಎಂದಾಗ ನೀನು ನಿನ್ನ ಬಿಲ್ಲೆ ಅವಳಿಗೆ ಕೊಟ್ಟು ಅವಳದನ್ನು ನೀನು ತೆಗೆದುಕೊಂಡೆ. ಎಂದೂ ಕೂಗದಿದ್ದ ನಿನ್ನ ನಂಬರು ಅವಳ ತಪ್ಪನ್ನು ಒಂದಷ್ಟು ದಿನ ಹೊತ್ತುಕೊಂಡಿತು, ಅವಳ ನಂಬರಿಗೆ ನಿನ್ನ ಕಣ್ಣಿನಿಂದ ಒಳ್ಳೆಯ ಹೆಸರು ಬಂತು. ನೀವು ಮೊದಲಿನವರೇನೂ ಅಲ್ಲ, ಆ ಸಾಲಿನಲ್ಲಿ ಹಾಗೆ ಬದಲಾಯಿಸಿಕೊಂಡ ಜೋಡಿಗಳು ಬೇರೆಯೂ ಇದ್ದವು. ಒಮ್ಮೆ ಬದಲಾಯಿಸಿಕೊಂಡ ಬಿಲ್ಲೆಯನ್ನು ವಾಪಸು ಕೇಳುವಂತಿಲ್ಲ, ಕೇಳಿದರೆ ಸಂಬಂಧ ಹರಿಯಿತೆಂದು ಲೆಕ್ಕ. ಇದನ್ನೆಲ್ಲ ಕೇಳಿ ಆಫೀಸರ್ ಹುಡುಗಿ ಬಾಯಿ ಬಿಟ್ಟುಕೊಂಡು ಕೂತಳು. ‘ಎಷ್ಟು ಸ್ವೀಟ್ ಅಲ್ವಾ ಅಂಕಲ್, ಇದನ್ನ ನಮ್ಮ ಮ್ಯೂಸಿಯಂ ಗೋಡೆ ಮೇಲೆ ಹಾಕ್ತೀವಿ’ ಎಂದಳು. ಗೋಡೆಯ ಮೇಲೆ ಹಾಕು ತಾಯಿ, ಮೊದಲು ಮನೆ ಕೊಡು ಎಂದೆ. ಅದಕ್ಕೆ ಮಾತ್ರ ಸಿಸ್ಟಮ್ ಒಪ್ಪುವುದಿಲ್ಲ. ದೊಡ್ಡ ಅಧಿಕಾರಿಯ ಬಳಿಗೆ ಹೋದೆ, ಅವರು ಮೀಟಿಂಗು. ಯೂನಿಯನ್ ಆಫೀಸಿಗೆ ಹೋದೆ, ಅದೀಗ ಜಿಮ್. ನಾಲ್ಕು ಕಡೆ ಅಲೆದು ಬಂದ ಮೇಲೆ ತಿಳಿದದ್ದು ಇಷ್ಟು: ಬರುವ ತಿಂಗಳ ಮೊದಲ ಸೋಮವಾರದೊಳಗೆ ನೀವಿಬ್ಬರೂ ಒಟ್ಟಿಗೇ ಬಂದು, ಅಕ್ಕಪಕ್ಕ ಕೂತು, ಬಿಲ್ಲೆ ಬದಲಾಯಿಸಿಕೊಂಡಿದ್ದು ಹೌದು ಎಂದು ಬೆರಳೊತ್ತಬೇಕು. ನಿನ್ನ ಪರವಾಗಿ ನಾನು ಒತ್ತಲಾಗದು. ತಪ್ಪಿದರೆ ನಿನ್ನ ಅರ್ಜಿ ರದ್ದು.

ಇಷ್ಟನ್ನು ಹೇಳಲು ಫೋನ್ ಮಾಡಿದರೆ ನೀನು, ‘ಆ ಮನೆಮುರುಕಿ ಪಕ್ಕ ಕೂತು ಸಿಗೋ ಮನೆ ನಂಗೆ ಬೇಡ’ ಎಂದು ಫೋನ್ ಕುಕ್ಕಿದೆ. ಸರಿ, ಅವಳನ್ನಾದರೂ ನೋಡೋಣವೆಂದು ಹೋದೆ. ನಮ್ಮ ಬೀದಿಯ ಕೊನೆಯಲ್ಲೇ ಇದ್ದಾಳೆ, ಮಗನ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ. ಬೆಳ್ಳುಳ್ಳಿ ಸುಲಿಯುತ್ತಿದ್ದಳು, ನೆಲದ ತುಂಬ ಸಿಪ್ಪೆ. ‘ಏನ್ ಬುಶ್‌ಕೋಟು, ದಾರಿ ತಪ್ತಾ?’ ಎಂದಳು. ನನ್ನ ಆ ಹಳೆಯ ಅಡ್ಡಹೆಸರು ಕೇಳಿ ಎಷ್ಟು ಕಾಲವಾಗಿತ್ತು. ‘ನಿಮ್ಮಕ್ಕ ಸೂಪರ್‌ವೈಸರಮ್ಮ ಹೇಗಿದ್ದಾಳೆ? ಈಗ್ಲೂ ಎಲ್ರಿಗೂ ಉಸಿರಾಡೋದು ಹೇಗೆ ಅಂತ ಹೇಳ್ಕೊಡ್ತಾಳಾ?’ ಎಂದು ಕೇಳಿದಳು. ವಿಷಯ ಹೇಳಿದೆ. ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಬಿಲ್ಲೆ ವಾಪಸ್ ಕೊಡು ಅಂದ್ರೆ ಕೊಡಲ್ಲ. ನಾನಾಗಿ ಕೇಳೋದೂ ಇಲ್ಲ. ಬಂದು ಪಕ್ಕ ಕೂತ್ರೆ ಒಂದಲ್ಲ ಹತ್ತು ಬೆರಳು ಒತ್ತುತೀನಿ’ ಎಂದಳು. ನಾನು, ಕಾರ್ಖಾನೆ ಮುಚ್ಚುವಾಗಿನ ಮಾತು ಅಕ್ಕನ ಮನಸ್ಸಿನಲ್ಲಿ ಇನ್ನೂ ಇದೆ, ಕಂಪನಿಯ ಲೆಕ್ಕ ತೀರಿಸುವ ಕಾಗದಕ್ಕೆ ಎಲ್ಲರೂ ಒಟ್ಟಿಗೇ ಸಹಿ ಹಾಕೋಣವೆಂದು ಗೇಟಿನಲ್ಲಿ ಕೂತಿದ್ದಾಗ ನೀನೊಬ್ಬಳು ಮೊದಲೇ ಹೋಗಿ ಹಾಕಿದೆ ಎಂದೆ. ಅವಳು ನೆಪ ಹೇಳಲಿಲ್ಲ ಅಕ್ಕಾ. ‘ಹೂಂ, ಹಾಕ್ದೆ. ಬಿಸಿಲಲ್ಲಿ ಕೂತು ಕೂತು ಸಾಕಾಗಿತ್ತು. ತಪ್ಪೇ ಅದು. ನಿಮ್ಮಕ್ಕ ಎಲ್ಲರೆದುರು ನನ್ನ ಮುಖಕ್ಕೆ ಉಗಿದಳಲ್ಲ, ಅದು ಸರಿನಾ? ಅದನ್ನೂ ಕೇಳ್ಕೊಂಡು ಬಾ’ ಎಂದಳು. ಕೇಳಿದ್ದೇನೆ. ಇದೋ, ಬರೆದಿದ್ದೇನೆ. ಇಬ್ಬರು ಹಟಮಾರಿ ಹೆಂಗಸರ ನಡುವೆ ಟಪಾಲಿನವನಾಗಿ ನನ್ನ ಚಪ್ಪಲಿ ಸವೆಯಿತು.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಸರಿ. ಅವಳ ಮೇಲೆ ಅಷ್ಟು ಸಿಟ್ಟಿದ್ದರೆ ಅಂದೇ ಗೇಟಿನಲ್ಲಿ ಅವಳ ಬಿಲ್ಲೆಯನ್ನು ಅವಳ ಮುಖದ ಮೇಲೆ ಎಸೆಯಬಹುದಿತ್ತಲ್ಲ? ಎಸೆಯಲಿಲ್ಲ. ಇಷ್ಟು ವರ್ಷ ಟ್ರಂಕಿನಲ್ಲಿ ಬಿದ್ದ ಹಿತ್ತಾಳೆಗೆ ಹಸಿರು ಹಿಡಿಯಬೇಕು, ಕಪ್ಪಾಗಬೇಕು. ಕೊರಿಯರಿನ ಕವರು ಬಿಡಿಸಿದಾಗ ಅದು ನಿನ್ನೆ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒಂದು ದಿನದ ತಿಕ್ಕುವಿಕೆಗೆ ಬರುವ ಹೊಳಪಲ್ಲ ಅದು, ಅಂಚಿನ ಅಕ್ಷರ ಕೂಡ ನುಣ್ಣಗಾಗಿದೆ. ಬೇರೆಯವರಿಗೆ ಏನಾದರೂ ಹೇಳು, ನನಗೆ ಹೇಳಬೇಡ. ಹೌ ಎವರ್, ಇದಕ್ಕಿಂತ ಹೆಚ್ಚು ಬರೆದರೆ ನೀನು ನಿಜವಾಗಿಯೂ ಹರಿದುಬಿಡುತ್ತೀಯ.

ನನಗೆ ರೇಗುವುದು ಅವರ ಮೇಲೋ ನಿಮ್ಮ ಮೇಲೋ ನನಗೇ ತಿಳಿಯುತ್ತಿಲ್ಲ. ಅಷ್ಟು ದೊಡ್ಡ ಜಾಗವನ್ನು ಅಗೆದು, ಬಗೆದು, ಆಕಾಶಕ್ಕೆ ಮನೆ ಕಟ್ಟುವವರಿಗೆ ಎರಡು ನಂಬರು ಆಚೀಚೆ ಮಾಡಲಿಕ್ಕೆ ಆಗುವುದಿಲ್ಲ. ಗಾಜಿನ ಅಂಗಳಕ್ಕೆ ಹೋಗಬೇಕಾದವಳನ್ನು ಉಳಿಸಿದ ನಿನಗೆ ಒಂದು ಬೆಳಿಗ್ಗೆ ಅವಳ ಪಕ್ಕದ ಕುರ್ಚಿಯಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಮಾತಾಡಬೇಡ, ಮುಖ ಆಚೆ ತಿರುಗಿಸಿಕೊಂಡೇ ಕೂರು. ಮುಖ ನೋಡಬೇಕೆಂದು ಸಿಸ್ಟಮ್ ಕೇಳುವುದಿಲ್ಲ, ವಿಚಾರಿಸಿ ಬಂದಿದ್ದೇನೆ.

ನಿನ್ನ ಮಗಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನೆನಪು ಹೇಳು. ಎಣ್ಣೆ ಹಚ್ಚಿಕೋ, ವಾಸನೆ ಬಂದರೆ ಬರಲಿ. ನಿನ್ನ ಕಾಲು ಗಟ್ಟಿಯಿರಲಿ, ಬಾಯಿ ಈಗಿರುವಷ್ಟು ಸಾಕು.

ನಿನ್ನ ಕೈಯಲ್ಲಿ ಅಕ್ಷರ ಕಲಿತ,
ತಮ್ಮ

ತಾ.ಕ.: ಇದನ್ನು ಬರೆಯಬೇಡವೆಂದು ಗಡಿಬಿಡಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ರದ್ದಾಗುವುದು ನಿನ್ನ ಅರ್ಜಿಯೊಂದೇ ಅಲ್ಲ, ನಿನ್ನ ನಂಬರಿನ ಬಿಲ್ಲೆ ಇಟ್ಟು ಅರ್ಜಿ ಹಾಕಿದ ಅವಳದ್ದೂ. ಅವಳಿರುವ ಚಪ್ಪರ ರಸ್ತೆಗೆ ಹೋಗುತ್ತದೆ, ಮಗ ಅತ್ತೆಮನೆಯ ಕಡೆ ಒಂದು ಕೋಣೆ ನೋಡಿಕೊಂಡಿದ್ದಾನೆ, ಅದರಲ್ಲಿ ಇವಳಿಗೆ ಜಾಗವಿಲ್ಲ. ‘ಇದನ್ನ ಬರೆದ್ರೆ ಓಡಿ ಬರ್ತಾಳೆ, ನಂಗೊತ್ತು. ಅಯ್ಯೋ ಪಾಪ ಅಂತ ಬರೋದಾದ್ರೆ ಬೇಡ. ಸಿಟ್ಟು ಇಟ್ಕೊಂಡೇ ಬರಲಿ, ತನ್ನ ಮನೆಗೆ ಅಂತ ಬರಲಿ’ ಎಂದಳು. ಹೂಂ ಎಂದು ಬಂದೆ. ಲಕೋಟೆ ಅಂಟಿಸುವ ಮೊದಲೇ ಮಾತು ಮುರಿದಿದ್ದೇನೆ, ನೀನು ಓದಿದೆಯೆಂದು ಅವಳಿಗೆ ತೋರಿಸಿಕೊಳ್ಳಬೇಡ. ಆ ಸೋಮವಾರ ಬೆಳಗಿನ ಬಸ್ಸಿಗಾದರೂ ಬಾ. ಇಳಿದ ಕೂಡಲೇ ಅವಳಿಗೆ ಒಂದೆರಡು ಬೈದುಬಿಡು, ಇಲ್ಲದಿದ್ದರೆ ಅವಳಿಗೆ ಅನುಮಾನ ಬರುತ್ತದೆ.